ಪರದೆಯ ಹಿಂದೆ ಕೂರಿಸಿದ ಗಿಟಾರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೈರಿಗೆ ಹಾಲು ಹಾಕಿ ಬಂದ ಚಲುವರಾಜು ಅರಕೆರೆಯ ನಾಲೆ ಏರಿಯ ಮೇಲೆ ಕೂತು ಗಿಟಾರು ತೊಡೆಗೇರಿಸುತ್ತಾನೆ. ಕೆಮ್ಮಿನ ಔಷಧಿಯ ಖಾಲಿ ಸೀಸೆಯನ್ನು ಬೆರಳಿಗೆ ಸಿಕ್ಕಿಸಿ ತಂತಿಯ ಮೇಲೆ ಜಾರಿಸಿದನೆಂದರೆ ಮುಗಿಯಿತು, ಹಾಲು ಬಿಡಿಸಿದ ಕರುವಿನ ಹಾಗೆ ಅದು ಅಳುತ್ತದೆ. ಕರಿಘಟ್ಟದ ದೇವರೂ ಎದ್ದು ಕೂತು ಕಣ್ಣೊರೆಸಿಕೊಳ್ಳಬೇಕು. ನಾಲೆಯ ನೀರು ಒಂದು ಗಳಿಗೆ ನಿಂತು ಕೇಳಿಯೇ ಮುಂದಕ್ಕೆ ಹೋಗುವುದು.

ಇಂಥವನನ್ನು ಮೊನ್ನೆ ಪಾಂಡವಪುರದ ಜನಪದ ಸಂಗೀತ ಉತ್ಸವದಲ್ಲಿ ಪರದೆಯ ಹಿಂದೆ ಕೂರಿಸಿದರು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಹರೆಯದಲ್ಲಿ ಚಲುವರಾಜು ಶ್ರೀರಂಗಪಟ್ಟಣದ ರೈಲ್ವೆ ಕ್ವಾರ್ಟರ್ಸಿಗೆ ಹಾಲು ಹಾಕುತ್ತಿದ್ದ. ಅಲ್ಲಿದ್ದ ಗಾರ್ಡು ಆಲ್ಬರ್ಟ್ ಗಿಟಾರು ನುಡಿಸುತ್ತಿದ್ದರು. ಅಮೆರಿಕದ ಹತ್ತಿ ಹೊಲಗಳಲ್ಲಿ ಬೆವರು ಸುರಿಸಿದ ಕಪ್ಪು ಜನ ಕಟ್ಟಿಕೊಂಡ ಸಂಗೀತ, ಬ್ಲೂಸ್ ಅಂತ ಅದರ ಹೆಸರು. "ಅದ್ನ ಕೇಳ್ತಿದ್ದಂಗೆ ನಮ್ಮವ್ವ ರಾಗಿ ಬೀಸ್ಕಂಡು ಆಡ್ತಿದ್ದುದ್ದೇ ಗ್ಯಾಪ್ಕ ಬಂತು ಕಣಜ್ಜಿ. ಅವ್ರೂ ನಮ್ಮಂಗೇ ಗೇಯ್ಕಂಡೇ ಆಡವ್ರೆ" ಎಂದು ಈ ಅಜ್ಜಿಯ ಹತ್ತಿರ ಹೇಳುತ್ತಾನೆ. ಊರು ಬಿಡುವಾಗ ಗಾರ್ಡು ಆ ಗಿಟಾರನ್ನು ಇವನಿಗೇ ಕೊಟ್ಟು ಹೋದರು. "ಹಸ ಕಟ್ಟೋನ್ಗೆ ಇದ್ಯಾಕ್ಲಾ" ಅಂತ ಊರೆಲ್ಲ ನಕ್ಕಿತು. ನಕ್ಕವರ ಹಲ್ಲೆಲ್ಲ ಉದುರಿದವು, ಗಿಟಾರು ಇನ್ನೂ ಇದೆ.

ಅವನ ಪಕ್ಕದ ಮನೆಯ ಕುಳ್ಳಮ್ಮ ಬೀಸುವ ಪದ ಹಾಡುವವಳು. ಮುಂದೆ ಕಲ್ಲು ಇರಲಿ ಬಿಡಲಿ, ಹಾಡುವಾಗ ಅವಳ ಬಲಗೈ ಸುತ್ತುತ್ತಲೇ ಇರುತ್ತದೆ. ಕೈ ಭಾರವಾದ ಕಡೆ ದನಿ ಎಳೆಯುತ್ತಾಳೆ. ಅಲ್ಲೇ ಇವನು ಸೀಸೆ ಜಾರಿಸುತ್ತಾನೆ. ತಾಳ ಗೀಳ ಏನಿಲ್ಲ, ಅವಳ ಕೈ ನೋಡಿಕೊಂಡೇ ನುಡಿಸುವುದು.

ಉತ್ಸವ ನಡೆಸಿದ ವಿಜಯೇಂದ್ರ ಅವರಿಗೆ ಇದೆಲ್ಲ ಯಾಕೆ ಬೇಕು? "ಗಿಟಾರ್ ಜನಪದ ಅಲ್ಲ ರೀ. ಸೌಂಡ್ ಚೆನ್ನಾಗಿದೆ, ಕೇಳಲಿ. ಕಾಣೋದು ಬೇಡ" ಎಂದು ಇವನನ್ನು ಪರದೆಯ ಹಿಂದಕ್ಕೆ ತಳ್ಳಿದರು. ಮುಂದೆ ಕುಳ್ಳಮ್ಮನ ಪಕ್ಕದಲ್ಲಿ ಪೇಟ ಸುತ್ತಿ, ಏಕತಾರಿ ಕೊಟ್ಟು, ನಮ್ಮೂರಿನ ಕೆಂಪಣ್ಣನನ್ನು ಕೂರಿಸಿದರು. ಕೆಂಪಣ್ಣನಿಗೆ ನುಡಿಸಲು ಬಾರದು, ಮೀಸೆ ಮಾತ್ರ ಇದೆ. ಆ ಮೀಸೆ ಶ್ರೀರಂಗಪಟ್ಟಣದಲ್ಲಿ ಶುರುವಾದರೆ ನಾಗಮಂಗಲದಲ್ಲಿ ಮುಗಿಯುತ್ತದೆ.

ಹಾಡು ಶುರುವಾಯಿತು. ಕೈ ಕಾಣದ ಚಲುವರಾಜು ಎಲ್ಲಿ ಜಾರಿಸಿಯಾನು? ಅವಳು ಏರಿದರೆ ಇವನು ಇಳಿದ. ಜನ ಗುಜುಗುಜು ಅಂದರು. ಕುಳ್ಳಮ್ಮ ಹಾಡು ನಿಲ್ಲಿಸಿ ಪಕ್ಕಕ್ಕೆ ತಿರುಗಿದಳು.

"ಲೇ ಕೆಂಪಣ್ಣ, ನಿನ್ ಮೀಸೆ ನುಡೀತದೇನ್ಲಾ?"

"ನಂಗ್ಯಾಕೆ ಬೈದಿಯೆ ಅತ್ತೆ? ಕೂತ್ಕೋ ಅಂದ್ರು, ಕೂತ್ಕಂಡೆ."

ವಿಜಯೇಂದ್ರ ಓಡಿ ಬಂದರು. "ಅಮ್ಮಾ, ಪ್ರೋಗ್ರಾಂ ಹಾಳಾಗುತ್ತೆ!"

"ಅದಾಗ್ಲೇ ಆಳಾಗದೆ, ಸರ್ಕಳಿ ಸ್ವಾಮಿ. ಅವ್ನು ನನ್ ಕೈ ನೋಡ್ಕಂಡು ನುಡ್ಸೋನು. ಬಟ್ಟೆ ನೋಡ್ಕಂಡು ನುಡ್ಸಾಕಾದದಾ?" ಎಂದವಳೇ ಪರದೆಗೆ ಕೈ ಹಾಕಿ ಎಳೆದಳು. "ಬಾರ್ಲಾ ಈಚೆಗೆ!"

ಆಮೇಲೆ ನುಡಿಸಿದನಲ್ಲ, ಕೆ.ಆರ್. ಪೇಟೆಯ ಕಡೆಯಿಂದ ಬಂದವರು ಹಾಕಿದ ಶಿಳ್ಳೆಗೆ ಶಾಮಿಯಾನ ಹಾರಿಹೋಗದೆ ಉಳಿದದ್ದೇ ಹೆಚ್ಚು. ಆದರೂ ಕೊನೆಗೆ ಶಾಲು ಹೊದಿಸಿದ್ದು ಯಾರಿಗೆ? ಕೆಂಪಣ್ಣನಿಗೆ! ಜನಪದ ವಾದ್ಯ ಹಿಡಿದವನು ಅವನೇ ಅಂತೆ. ಕಣ್ಣಿದ್ದೂ ಇಷ್ಟು ಕುರುಡಾಗುವುದಕ್ಕೆ ಓದಬೇಕಾ?

ಮಾರನೆಯ ದಿನ ಕೆಂಪಣ್ಣ ತಾನೇ ನಾಚಿಕೊಂಡು ಆ ಶಾಲು ತಂದುಕೊಟ್ಟ. ಚಲುವರಾಜು ಮುಟ್ಟಲಿಲ್ಲ. "ಮಡಿಕ್ಕೊಳಪ್ಪ, ಚಳಿಗಾಯ್ತದೆ" ಅಂದ.

"ಇನ್ನೊಂದ್ಸಲ ಕರೆದರೆ ಹೋಗ್ತೀಯೇನಪ್ಪಾ?" ಎಂದು ನಾನು ಕೇಳಿದರೆ ಚಲುವರಾಜು ಸೀಸೆಯನ್ನು ಪಂಚೆಗೆ ಒರೆಸುತ್ತಾನೆ. ಸಿಟ್ಟು ಇನ್ನೂ ಇಳಿದಿಲ್ಲ.

"ಓಯ್ತೀನಿ ಕಣಜ್ಜಿ, ಯಾಕೋಗ್ಬಾರ್ದು? ಶಾಲು ಗೀಲು ಏನೂ ಬ್ಯಾಡ. ಜನದ ಎದುರ್ಗೆ ಒಂದ್ ಚಾಪೆ ಆಸ್ಲಿ ಸಾಕು. ನಾನೇನ್ ಕದ್ದ್ ಮಾಲಾ, ಮರೇಲಿ ಮಡಗಾಕೆ?"