ಕನ್ನಡಿಯಣ್ಣ ಕೊಂಡ ನಾಲ್ಕು ಬಾಗಿಲಿನ ಪಿಕಪ್

ಅವನನ್ನು ಎಲ್ಲರೂ ಕನ್ನಡಿ ಅಂತಲೇ ಕರೆಯುತ್ತಿದ್ದರು. ಅವನು ಬಣ್ಣ ಹೊಡೆದ ಬಾಗಿಲಿನ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದು ಅನ್ನುವುದು ನಮ್ಮ ಶೆಡ್ಡುಗಳ ಸಾಲಿನ ಹಳೇ ತಮಾಷೆ. ಗುದ್ದಿಸಿಕೊಂಡು ಬಂದ ಗಾಡಿಗಳ ನೆಗ್ಗು ತೆಗೆದು, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆಯುವುದು ಅವನ ಕೆಲಸ. ಪಕ್ಕದ ಶೆಡ್ಡಿನಲ್ಲಿ ಗಾಡಿಗಳ ಸೀಟು ಹೊಲಿಯುವವನು ನಾನು. ನಡುವೆ ಒಂದು ತಗಡಿನ ಗೋಡೆ, ಅಷ್ಟೆ. ಅವನು ಬಣ್ಣ ಹೊಡೆದ ದಿನ ನನ್ನ ಬುತ್ತಿಗೂ ತಿನ್ನರ್ ವಾಸನೆ ಹತ್ತುತ್ತಿತ್ತು. ಬೈದುಕೊಂಡೇ ಉಣ್ಣುತ್ತಿದ್ದೆ. ಆದರೂ ಅವನು ನನಗೆ ಅಣ್ಣ, ಅವನ ಹೆಂಡತಿ ಅತ್ತಿಗೆ.

ಅವನಿಗೊಂದು ಚಾಳಿ ಇತ್ತು. ಕೊನೆಯ ಪದರದ ಪುಟ್ಟಿ ಹಸಿಯಾಗಿರುವಾಗ, ಯಾರ ಕಣ್ಣಿಗೂ ಬೀಳದ ಒಳಮೂಲೆಯಲ್ಲಿ ಹೆಬ್ಬೆಟ್ಟು ಒತ್ತುವುದು. ಒಣಗಿತೋ ಇಲ್ಲವೋ ನೋಡಲು ಅವನ ಗುರು ಕಲಿಸಿದ್ದಂತೆ. ತಗಡು ಕೊಯ್ದು ಆ ಬೆರಳಿನ ಮೇಲೆ ಅಡ್ಡಕ್ಕೊಂದು ಗಾಯದ ಗೆರೆ ಉಳಿದಿತ್ತು, ಒತ್ತಿದರೆ ಗೆರೆಯೂ ಮೂಡುತ್ತಿತ್ತು. ಓದು ಬಾರದವನ ಸಹಿ ಅಂತ ನಾನು ರೇಗಿಸುತ್ತಿದ್ದೆ.

ಬಣ್ಣ ಬೆರೆಸುತ್ತಿದ್ದವಳು ಅತ್ತಿಗೆ. ಬಿಳಿ ಅಂದರೆ ನಮಗೆಲ್ಲ ಒಂದೇ ಬಿಳಿ. ಅವಳಿಗೆ ಹಾಗಲ್ಲ, ಬಿಸಿಲು ತಿಂದ ಬಿಳಿಯೇ ಬೇರೆ, ನೀಲಿಗೆ ಎಳೆಯುವ ಬಿಳಿಯೇ ಬೇರೆ. ಉಗುರಿನ ಮೇಲೆ ಒಂದು ಹನಿ ಇಟ್ಟು ನೋಡಿ, ಇನ್ನೊಂಚೂರು ಕಪ್ಪು ಅನ್ನುವಳು. ಅಷ್ಟು ಹಾಕಿದರೆ ಹಳೇ ಬಣ್ಣವೂ ಹೊಸದೂ ಎಲ್ಲಿ ಕೂಡಿತು ಅಂತ ಹುಡುಕಿದರೂ ಸಿಗುತ್ತಿರಲಿಲ್ಲ. ಬೆನ್ನುಹುರಿಯ ಗಡ್ಡೆ ತೆಗೆಸಿದ ಮೇಲೆ ಅವಳಿಗೆ ಸೊಂಟದಿಂದ ಕೆಳಗೆ ಬಲ ಉಳಿಯಲಿಲ್ಲ. ವಾರ ವಾರ ಆಸ್ಪತ್ರೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಬೇಕು, ಬಿಟ್ಟರೆ ಕಾಲು ಮಡಚಿದ ಹಾಗೇ ಬಿಗಿದುಕೊಳ್ಳುತ್ತದೆ ಅಂತ ಡಾಕ್ಟರು ಎಚ್ಚರಿಸಿದ್ದರು.

ಅವನ ಹಳೇ ವ್ಯಾನಿಗೆ ಹಿಂದೆ ಸೀಟಿರಲಿಲ್ಲ. ಬಣ್ಣದ ಡಬ್ಬಗಳ ನಡುವೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿ ಒಯ್ಯುತ್ತಿದ್ದ. ಎತ್ತಿ ಇಳಿಸಲು ಜೊತೆಗೆ ನಾನು. ರಸ್ತೆಯ ಉಬ್ಬು ಬಂದಾಗಲೆಲ್ಲ ಅವಳು ಉಸಿರು ಬಿಗಿಹಿಡಿಯುವುದು ಮುಂದೆ ಕೂತವರಿಗೆ ಕೇಳಿಸುತ್ತಿತ್ತು. ಒಂದು ಸಲ ತಿನ್ನರ್ ಡಬ್ಬ ಉರುಳಿ ಅವಳ ಬಟ್ಟೆಯೆಲ್ಲ ತೊಯ್ದು, ಆಸ್ಪತ್ರೆಯ ವರಾಂಡದಲ್ಲಿ ಜನ ಮೂಗು ಮುಚ್ಚಿಕೊಂಡು ದೂರ ಸರಿದರು. ಡಬ್ಬಗಳ ಜೊತೆ ತಂದಿದ್ದರಿಂದ ನನ್ನನ್ನೂ ಡಬ್ಬ ಅಂದುಕೊಂಡಿರಬೇಕು ಅಂತ ಅವಳೇ ನಕ್ಕಳು. ಅವನು ನಗಲಿಲ್ಲ. ಅವತ್ತೇ ಅವನ ತಲೆಯೊಳಗೆ ನಾಲ್ಕು ಬಾಗಿಲಿನ ಪಿಕಪ್ ಹೊಕ್ಕಿದ್ದು. ಹಿಂದಿನ ಸೀಟಿನಲ್ಲಿ ಅವಳು ಕಾಲು ಚಾಚಿ ಕೂರಬಹುದು, ಅದರಾಚೆಯ ತೊಟ್ಟಿಯಲ್ಲಿ ಗಾಲಿಕುರ್ಚಿಯೂ ಬಣ್ಣ ಹೊಡೆಯುವ ಕಂಪ್ರೆಸರೂ ಹಿಡಿಯುತ್ತವೆ. ಹೊಸದು ಕೊಳ್ಳುವ ಮಾತು ಕನಸಲ್ಲೂ ಇಲ್ಲ. ವ್ಯಾನು ಮಾರಿದ, ಅವಳ ಮೈಮೇಲಿದ್ದ ಚಿನ್ನ ಮಾರಿದ, ಹಳೇ ಗಾಡಿ ಮಾರುವ ಯಾರ್ಡಿಗೆ ನನ್ನನ್ನೂ ಕರೆದುಕೊಂಡು ಹೋದ.

ಯಾರ್ಡಿನ ಯಜಮಾನ ಹಳೇ ಪರಿಚಯದವನು, ಮಾತು ಬೆಣ್ಣೆಯಂಥದ್ದು. ಒಂದು ಕಾಲಕ್ಕೆ ಕನ್ನಡಿಯಣ್ಣ ಅವನಿಗೆ ಬೇಕಾದಷ್ಟು ಕೆಲಸ ಮಾಡಿಕೊಟ್ಟಿದ್ದ. ಸಾಲಿನ ಕೊನೆಯಲ್ಲಿ ಒಂದು ಬಿಳಿ ಪಿಕಪ್ ನಿಂತಿತ್ತು. ಅಣ್ಣ ಅದರ ಸುತ್ತ ಸುತ್ತಿದ. ಕೂತು ನೋಡಿದ, ಬಗ್ಗಿ ನೋಡಿದ, ಓರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದ, ಬೆರಳಿನ ಹಿಂಬದಿಯಿಂದ ಬಾಗಿಲು, ಚಾವಣಿ ಹೊರುವ ಕಂಬ ಎಲ್ಲ ಸವರಿದ. ಅಯಸ್ಕಾಂತ ಇಟ್ಟು ನೋಡು ಅಂತ ನಾನಂದೆ. ನಮ್ಮ ಸಾಲಿನವರು ಹಳೇ ಗಾಡಿ ಕೊಳ್ಳುವಾಗ ಮೊದಲು ಮಾಡುವುದು ಅದನ್ನೇ. ಉಕ್ಕು ಇದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ, ಪುಟ್ಟಿ ತುಂಬಿದಲ್ಲಿ ಜಾರಿ ಬೀಳುತ್ತದೆ. ಯಜಮಾನ ತಾನೇ ಮೇಜಿನ ಖಾನೆಯಿಂದ ಒಂದು ತರಿಸಿಕೊಡುತ್ತೇನೆ ಅಂದ. ಅಣ್ಣನಿಗೆ ಅವಮಾನವಾಯಿತು.

"ನನಗ್ಯಾಕಪ್ಪ ಅದು? ಈ ಊರಲ್ಲಿ ನನ್ನ ಕೈಗೆ ಸಿಗದ ಹಾಗೆ ಪುಟ್ಟಿ ಹಾಕೋನು ಯಾರಿದ್ದಾನೆ?"

ನಾನೂ ತೆಪ್ಪಗಾದೆ. ಅವನ ಕೈ ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಗಾಡಿ ಮನೆ ಮುಂದೆ ಬಂದ ದಿನ ಅತ್ತಿಗೆ ಕಿಟಕಿಯಿಂದ ತುಂಬಾ ಹೊತ್ತು ಅದನ್ನೇ ನೋಡಿದಳು. ಈ ಬಿಳಿ ಎಲ್ಲೋ ನೋಡಿದ ಹಾಗಿದೆ ಅಂದಳು. ರಸ್ತೆ ತುಂಬ ಬಿಳಿ ಗಾಡಿಗಳೇ, ನೋಡದೆ ಏನು ಅಂತ ಅವನು ರೇಗಿಸಿದ. ಮೊದಲ ಸಲ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ, ತಲೆಯನ್ನು ಮೂಲೆಯ ಕಂಬಕ್ಕೆ ಆನಿಸಿಕೊಂಡು ಆಸ್ಪತ್ರೆಗೆ ಹೋದಾಗ ಅವಳು ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಗಟ್ಟಿಯಾಗಿ ಓದುತ್ತಿದ್ದಳು. ವ್ಯಾನಿನ ನೆಲದಿಂದ ಅವಳಿಗೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವನ ಮುಖ ನೋಡಬೇಕಿತ್ತು. ಅಷ್ಟು ಖುಷಿಯನ್ನು ಆ ಮುಖದಲ್ಲಿ ನಾನು ಮತ್ತೆ ಕಂಡಿಲ್ಲ.

ಹತ್ತುವಾಗ ಹಿಡಿದುಕೊಳ್ಳಲು ಒಂದು ಹಿಡಿ ಇದ್ದರೆ ತಾನೇ ಮೈ ಎಳೆದುಕೊಂಡೇನು ಅಂತ ಅವಳಂದಳು. ಹಿಂದಿನ ಬಾಗಿಲ ಪಕ್ಕದ ಅದೇ ಮೂಲೆ ಕಂಬಕ್ಕೆ ಹಿಡಿ ಕೂರಿಸುವುದು ಅಂತಾಯಿತು. ಮಧ್ಯಾಹ್ನ ಗಾಡಿಯನ್ನು ನನ್ನ ಶೆಡ್ಡಿಗೆ ತಂದ. ನಾನು ಕಂಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆಯೇ ತೂತಿನ ಜಾಗ ಗುರುತು ಮಾಡಿ ಡ್ರಿಲ್ ಇಟ್ಟೆ. ಉಕ್ಕು ಕೊರೆದರೆ ಸುರುಳಿ ಸುರುಳಿಯಾಗಿ ತುಣುಕು ಬೀಳಬೇಕು. ಬಿದ್ದದ್ದು ಹಿಟ್ಟು. ಬೂದು ಬಣ್ಣದ ನುಣ್ಣನೆಯ ಹಿಟ್ಟು, ಸೀಟಿನ ಮೇಲೆಲ್ಲ. ಡ್ರಿಲ್ಲು ತಡೆಯೇ ಇಲ್ಲದೆ ಒಳಗೆ ಹೋಯಿತು.

ಅಣ್ಣ ಡ್ರಿಲ್ ಕಸಿದುಕೊಂಡು ಪಕ್ಕಕ್ಕಿಟ್ಟ. ಹೊದಿಕೆ ಕಿತ್ತ. ಒಳಗೆ ಕಂಬದ ಎತ್ತರಕ್ಕೂ ಪುಟ್ಟಿ ಬಳಿದಿತ್ತು, ತೀಡಿದ ಹಾಗೆ ಸಮವಾಗಿ. ಅದರ ಕೆಳತುದಿಯಲ್ಲಿ ಒಂದು ಹೆಬ್ಬೆಟ್ಟು. ಹೆಬ್ಬೆಟ್ಟಿನ ಮೇಲೆ ಅಡ್ಡಕ್ಕೊಂದು ಗೆರೆ.

ಅಣ್ಣ ಬಗ್ಗಿದ. ತನ್ನ ಬೆರಳನ್ನು ಆ ಗುರುತಿನ ಮೇಲೆ ಇಟ್ಟು ನೋಡಿದ. ಆಮೇಲೆ ಉಳಿ ತಂದು ಪುಟ್ಟಿ ಒಡೆದ. ಅಡಿಯಲ್ಲಿ ಕಂಬ ತುಂಡಾಗಿತ್ತು. ಅತ್ತ ಒಂದು ತುಂಡು, ಇತ್ತ ಒಂದು ತುಂಡು, ನಡುವೆ ತೆಳು ತಗಡಿನ ಪಟ್ಟಿ, ಅಲ್ಲಲ್ಲಿ ಬೆಸುಗೆಯ ಚುಕ್ಕಿ. ನಮ್ಮ ಸಾಲಿನ ಬೆಸುಗೆಯವನನ್ನು ಕರೆಸಿದೆವು. ಅವನು ಚಾವಣಿ ತಟ್ಟಿ, ಅಡಿಗೆ ನುಗ್ಗಿ ನೋಡಿ, ಪಲ್ಟಿ ಹೊಡೆದ ಗಾಡಿಯ ಮುಂಭಾಗಕ್ಕೆ ಇನ್ಯಾವುದೋ ಗಾಡಿಯ ಹಿಂಭಾಗ ಅಂಟಿಸಿದ್ದಾರೆ, ಒಂದು ಕಂಬ ಸರಿಮಾಡಿ ಉಪಯೋಗವಿಲ್ಲ ಅಂದ. ಹಿಂದಿನಿಂದ ಯಾವುದಾದರೂ ಗಾಡಿ ಜೋರಾಗಿ ತಾಗಿದರೆ ಅಷ್ಟೂ ಕುಸಿದು ಸೀಟಿನ ಮೇಲೆ ಕೂರುತ್ತದೆ.

ಅಣ್ಣನಿಗೆ ನೆನಪಾಯಿತು. ಯಾರ್ಡಿನವರು ಆಗೆಲ್ಲ ಗಾಡಿ ಇಡಿಯಾಗಿ ಕಳಿಸುತ್ತಿರಲಿಲ್ಲ. ಬಾಗಿಲಿಲ್ಲದ, ಗಾಜಿಲ್ಲದ, ಚಕ್ರವೂ ಇಲ್ಲದ ಬೋಳು ಕ್ಯಾಬಿನ್ನು ತಳ್ಳುಗಾಡಿಯ ಮೇಲೆ ಬರುತ್ತಿತ್ತು. ಅವನು ಮುಚ್ಚುತ್ತಿದ್ದ, ಉಜ್ಜುತ್ತಿದ್ದ, ಅತ್ತಿಗೆ ಬೆರೆಸಿಕೊಟ್ಟ ಬಿಳಿ ಹೊಡೆದು ಕಳಿಸುತ್ತಿದ್ದ. ಬೆಸುಗೆ ಅವರದು, ಮುಚ್ಚುವುದಷ್ಟೇ ನನ್ನದು ಅಂದುಕೊಂಡಿದ್ದೆ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಮುಚ್ಚುವಾಗ ಕಣ್ಣಿಗೆ ಕಂಡಿರಲಿಲ್ಲವೇ ಅಂತ ಕೇಳಲು ಬಾಯಿ ತೆರೆದವನು, ಅವನು ಪುಟ್ಟಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದುದನ್ನು ನೋಡಿ ಸೀಟಿನ ಮೇಲಿನ ಹಿಟ್ಟು ಗುಡಿಸತೊಡಗಿದೆ.

ಯಾರ್ಡಿಗೆ ಇಬ್ಬರೂ ಹೋಗಿ, ಹೆಬ್ಬೆಟ್ಟಿನ ಸಮೇತ ಎಲ್ಲ ಹೇಳಿದೆವು. ಯಜಮಾನ ಸಿಟ್ಟಾಗಲಿಲ್ಲ, ಕುರ್ಚಿ ಹಾಕಿಸಿದ. ನೂರಾರು ಗಾಡಿ ಬರುತ್ತವೆ ಹೋಗುತ್ತವೆ, ಇದು ಇಲ್ಲಿಂದಲೇ ಹೋಗಿ ಇಲ್ಲಿಗೇ ಬಂದದ್ದು ತನಗೆ ಹೇಗೆ ಗೊತ್ತಾಗಬೇಕು ಅಂದ. ಪೊಲೀಸರಿಗೆ ಹೇಳುತ್ತೇವೆ ಅಂತ ನಾನು ಎದ್ದೆ.

"ಹೇಳಿ. ಹೋಗೋವಾಗ ಆ ಹೆಬ್ಬೆಟ್ಟನ್ನೂ ಕರ್ಕೊಂಡು ಹೋಗಿ. ಅದು ಯಾರದು ಅಂತ ಅವರೂ ಕೇಳ್ತಾರೆ."

ವಾಪಸು ಬರುವಾಗ ಅಣ್ಣ ಗಾಡಿಯನ್ನು ಎತ್ತಿನ ಗಾಡಿಗಿಂತ ನಿಧಾನ ಓಡಿಸಿದ. ಬೆಸುಗೆಯವನ ಕೈಲಿ ಕಂಬಕ್ಕೆ ಅಡ್ಡಪಟ್ಟಿ ಹಾಕಿಸಿದ, ಅದು ಮನಸ್ಸಿನ ಸಮಾಧಾನಕ್ಕೆ. ವ್ಯಾನು ಹೋಗಿತ್ತು, ಚಿನ್ನ ಹೋಗಿತ್ತು. ಇದನ್ನು ಮತ್ತೆ ಮುಚ್ಚಿ ಇನ್ನೊಬ್ಬನಿಗೆ ದಾಟಿಸುವುದು ಅವನ ಎಡಗೈ ಕೆಲಸ. ಒಂದು ವಾರ ಅವನ ತಲೆಯಲ್ಲಿ ಅದೂ ಓಡಿರಬೇಕು, ಯಾಕೆಂದರೆ ಹೊಸ ಪುಟ್ಟಿಯ ಡಬ್ಬ ತಂದಿಟ್ಟುಕೊಂಡಿದ್ದ. ಅದರ ಮುಚ್ಚಳ ತೆಗೆಯಲಿಲ್ಲ.

ಆಸ್ಪತ್ರೆಯ ದಿನ ಬಂತು. ಹಿಡಿ ಎಲ್ಲಿ ಅಂತ ಅತ್ತಿಗೆ ಕೇಳಿದಳು. ಅವನು ಏನಾದರೊಂದು ಹೇಳಿ ಅವಳ ಕಿವಿಗೆ ಹೂವಿಡಬಹುದಿತ್ತು. ಗಾಡಿಯ ಬಾಗಿಲು ಹಿಡಿದುಕೊಂಡು ನಿಂತು ಎಲ್ಲ ಹೇಳಿದ. ಗಾಲಿಕುರ್ಚಿಯಲ್ಲಿ ಕೂತು ಅವಳು ಕೇಳಿಸಿಕೊಂಡಳು.

"ಅವತ್ತು ಇದರಲ್ಲಿ ಯಾರ ಮನೆಯವರು ಕೂರ್ತಾರೆ ಅಂತ ಅನ್ನಿಸಲೇ ಇಲ್ವಾ ನಿಮಗೆ?"

ಅವನು ಬಾಗಿಲನ್ನು ಪೂರ್ತಿ ತೆರೆದ. ಹೊತ್ತಾಯಿತು, ಎತ್ತಿ ಕೂರಿಸಿ ಅಂದಳು. ಹೋಗಲು ಬೇರೆ ಗಾಡಿ ಇರಲಿಲ್ಲ, ಹೋಗದಿದ್ದರೆ ಕಾಲು ಹೋಗುತ್ತಿತ್ತು. ಎದುರು ಬದಿಯ ಬಾಗಿಲಿಗೆ ಒರಗಿಸಿ ಕೂರಿಸಿದೆವು. ಆ ಬದಿಯ ಕಂಬವೂ ಅಂಥದ್ದೇ ಅಂತ ಮೂವರಿಗೂ ಗೊತ್ತಿತ್ತು. ದಾರಿಯಲ್ಲಿ ಅವಳು ಬೋರ್ಡು ಓದಲಿಲ್ಲ.

ಅಂದಿನಿಂದ ಅವನ ಜೇಬಿನಲ್ಲಿ ಒಂದು ಅಯಸ್ಕಾಂತ. ಬೇರೆಯವರ ಬಣ್ಣಕ್ಕೆ ಗೀರು ಬೀಳಬಾರದು ಅಂತ ಬಟ್ಟೆ ಸುತ್ತಿಟ್ಟಿದ್ದ. ಎಲ್ಲಿ ಬಿಳಿ ಪಿಕಪ್ ನಿಂತಿದ್ದರೂ ಹತ್ತಿರ ಹೋಗಿ ಹಿಂದಿನ ಕಂಬಕ್ಕೆ ಇಡುವುದು. ಯಾರ್ಡಿಗೆ ಅಂಥ ಕ್ಯಾಬಿನ್ನು ಎಷ್ಟು ಮಾಡಿಕೊಟ್ಟಿದ್ದನೋ ಅವನಿಗೇ ಲೆಕ್ಕವಿಲ್ಲ. ಜನ ಅವನಿಗೆ ತಲೆ ಕೆಟ್ಟಿದೆ ಅಂದರು. ಶೆಡ್ಡಿಗೆ ಕೆಲಸ ಬರುವುದು ಕಮ್ಮಿಯಾಯಿತು.

ಮೊನ್ನೆ ಆಸ್ಪತ್ರೆಯ ಅಂಗಳದಲ್ಲಿ ಅಂಥದೊಂದು ಬಿಳಿ ಪಿಕಪ್ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಮಗುವಿನ ಹಾಲಿನ ಬಾಟಲಿ, ಒಂದು ಪುಟ್ಟ ಚಪ್ಪಲಿ. ಅಯಸ್ಕಾಂತ ಬಾಗಿಲಿಗೆ ಕಚ್ಚಿತು. ಕಂಬಕ್ಕಿಟ್ಟರೆ ಜಾರಿ ಅವನ ಅಂಗೈಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಅಷ್ಟರಲ್ಲಿ ಗಾಡಿಯವನು ಮಕ್ಕಳ ಜೊತೆ ಬಂದು, ಏನು ಮಾಡುತ್ತಿದ್ದೀರಿ ಅಂತ ಕೇಳಿದ. ಅಣ್ಣ ಹೇಳಿದ. ಕಂಬದ ಒಳಗೆ ಏನಿದೆ ಅಂತ ಹೇಳಿದ, ಅದನ್ನು ಮುಚ್ಚಿದ್ದು ತಾನೇ ಅಂತಲೂ ಹೇಳಿದ. ಆ ಮನುಷ್ಯ ನಿಂತ ನಿಲುವಿನಲ್ಲೇ ಅವನ ಕೆನ್ನೆಗೆ ಬಾರಿಸಿದ. ಕತ್ತಿನ ಪಟ್ಟಿ ಹಿಡಿದು ಜಗ್ಗಿದ. ನಾನು ಓಡಿಹೋಗಿ ಬಿಡಿಸಿದೆ. ಅಣ್ಣ ಕೈ ಅಡ್ಡ ತರಲಿಲ್ಲ. ಗಾಡಿಯವನು ಸ್ವಲ್ಪ ಹೊತ್ತು ಆ ಕಂಬವನ್ನೇ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಮಕ್ಕಳನ್ನು ಅದರಲ್ಲೇ ಹತ್ತಿಸಿಕೊಂಡು ಹೋದ. ಅವನಿಗಾದರೂ ಬೇರೆ ಯಾವ ಗಾಡಿಯಿತ್ತು?

ಅತ್ತಿಗೆ ನಮ್ಮ ಪಿಕಪ್ಪಿನ ಹಿಂದಿನ ಸೀಟಿನಿಂದ ಎಲ್ಲವನ್ನೂ ನೋಡಿದ್ದಳು. ಅಣ್ಣ ಕಿತ್ತುಬಂದ ಅಂಗಿಯ ಗುಂಡಿ ಹಿಡಿದುಕೊಂಡು ಬಾಗಿಲ ಹತ್ತಿರ ಬಂದು ನಿಂತ. ಮನೆಗೆ ಹೋಗೋಣ ಅನ್ನುತ್ತಾಳೆ ಅಂದುಕೊಂಡೆ. ಅವಳು ಕೈ ಚಾಚಿ ಅಂಗಳದ ಆಚೆ ತುದಿಯಲ್ಲಿ, ಮರದ ಕೆಳಗೆ ನಿಂತಿದ್ದ ಇನ್ನೊಂದು ಪಿಕಪ್ ತೋರಿಸಿದಳು.

"ಅದು ನಾನು ಬೆರೆಸಿದ ಬಿಳಿ. ಹೋಗಿ ನೋಡ್ಕೊಂಡು ಬನ್ನಿ."

ಅವನು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಜೇಬಿನಿಂದ ತೆಗೆದು ಆ ಕಡೆ ಹೊರಟ.