ಗ್ರೇಸಿ ಸಿಸ್ಟರ್ ಅವರ ‘ಆಮೆನ್’

ಸಂಗೀತದಲ್ಲಿ ನನ್ನದು ತೊಡೆಯ ಪಾಂಡಿತ್ಯ. ರೇಡಿಯೋದಲ್ಲಿ ಯಾರಾದರೂ ಹಾಡುತ್ತಿದ್ದರೆ ತೊಡೆಯ ಮೇಲೆ ತಾಳ ಹಾಕುತ್ತೇನೆ. ಹಾಡುವವರು ತಪ್ಪಿದರೆ ‘ಚ್ಚ್’ ಎನ್ನುತ್ತೇನೆ. ನಾನೇ ತಪ್ಪಿದರೆ ನೊಣ ಓಡಿಸಿದಂತೆ ಕೈ ಆಡಿಸುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಳ್ಳಂಬೆಳ್ಳದಲ್ಲಿ ಕನ್ನಡ ಮೇಷ್ಟರಾಗಿದ್ದಾಗ ಇಷ್ಟರಿಂದಲೇ ಊರಿನ ಏಕೈಕ ಸಂಗೀತಜ್ಞ ಎಂದು ಹೆಸರು ಮಾಡಿದ್ದೆ. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ.

ಇದ್ದರು ಎಂದು ಆಮೇಲೆ ಗೊತ್ತಾಯಿತು. ಊರಿನ ಆಸ್ಪತ್ರೆಯಲ್ಲಿ ಗ್ರೇಸಿ ಸಿಸ್ಟರ್ ಎಂಬ ನರ್ಸ್ ಇದ್ದರು. ಐವತ್ತು ದಾಟಿದವರು, ಒಂಟಿ ಜೀವ. ಬಹಳ ಹಿಂದೆ ಗಂಟಲಿನ ಗಡ್ಡೆ ತೆಗೆಸಿದಾಗ ಅದರ ಜೊತೆಗೆ ದನಿಯೂ ಹೋಗಿತ್ತು. ಉಳಿದದ್ದು ತಗಡಿನ ಮೇಲೆ ಮರಳು ಸುರಿದಂಥ ಒಂದು ಪಿಸುಮಾತು. ಆದರೂ ಅವರು ವಾರ್ಡಿಗೆ ಕಾಲಿಟ್ಟರೆ ಹಟ್ಟಿಗಳಿಂದ ಬಂದ ಹೆಂಗಸರು, “ಗ್ರೇಸಮ್ಮಾರು ಬಂದವ್ರೆ, ಸುಮ್ಕಿರ್ರಲೇ” ಎಂದು ತಾವೇ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ಒಮ್ಮೆ ಜ್ವರಕ್ಕೆ ಇಂಜೆಕ್ಷನ್ ತೆಗೆದುಕೊಳ್ಳಲು ಹೋದವನು, ಸೂಜಿಯ ಹೆದರಿಕೆ ಮರೆಯಲು ಸಂಗೀತದ ಬಗ್ಗೆ ಭಾಷಣ ಶುರುಮಾಡಿದೆ. ಸಿಸ್ಟರ್ ಸೂಜಿ ತೆಗೆಯುತ್ತ, ತಾನೂ ಹಾಡುತ್ತಿದ್ದವಳೇ ಎಂದರು. ಹರೆಯದಲ್ಲಿ ಬೆಂಗಳೂರಿನ ಒಂದು ಚರ್ಚಿನಲ್ಲಿ ನಲವತ್ತು ಜನರ ಮೇಳವೊಂದರಲ್ಲಿದ್ದರಂತೆ. ಇನ್ನೂರು ವರ್ಷದ ಹಿಂದೆ ಆಸ್ಟ್ರಿಯಾದ ಒಬ್ಬ ರಚನಾಕಾರ ಚರ್ಚಿನ ಪೂಜೆಗೆಂದು ಬರೆದಿಟ್ಟ ಸಂಗೀತವನ್ನು ಅವರೆಲ್ಲ ಆರು ತಿಂಗಳು ಕಲಿತು ಹಾಡಿದರಂತೆ. ಯಾರೋ ಅದನ್ನು ಸ್ಪೂಲ್ ಟೇಪಿಗೆ ಹಿಡಿದಿದ್ದರು. ಸ್ಪೂಲು ಕಳೆದುಹೋಗುವ ಮೊದಲೇ ಗೆಳತಿಯೊಬ್ಬಳು ಅದನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಟ್ಟಿದ್ದಳು. ಕೇಳಿ ನನ್ನ ಅಭಿಪ್ರಾಯ ತಿಳಿಸುವುದಾಗಿ ಹೇಳಿ ಆ ಕ್ಯಾಸೆಟ್ಟನ್ನು ಇಸಿದುಕೊಂಡೆ. ಅಭಿಪ್ರಾಯವನ್ನು ಅವರೇನೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಟೂ-ಇನ್-ಒನ್‌ಗೆ ಕ್ಯಾಸೆಟ್ ಹಾಕಿ ಕೂತೆ. ಮೊದಲ ಐದು ನಿಮಿಷ ನನಗೆ ಜಗಳದಂತೆ ಕೇಳಿಸಿತು. ನಾಲ್ಕು ಗುಂಪುಗಳು, ಒಂದು ಗುಂಪು ಒಂದು ಸಾಲು ಎತ್ತಿಕೊಂಡರೆ ಅದು ಮುಗಿಯುವ ಮೊದಲೇ ಇನ್ನೊಂದು ಗುಂಪು ಅದೇ ಸಾಲು ಹಿಡಿದು ಬರುತ್ತದೆ, ಬೇಲಿಯ ಸಂದಿಯಲ್ಲಿ ಒಂದರ ಬೆನ್ನಿಗೊಂದು ಕುರಿ ನುಗ್ಗಿದಂತೆ. ತೊಡೆ ಯಾರ ಹಿಂದೆ ಹೋಗಬೇಕು? ಕೊನೆಗೆ ‘ಆಮೆನ್’ ಎಂಬ ಒಂದೇ ಪದ ಬಂತು. ಅದನ್ನು ಎಳೆದರು, ಮಡಿಸಿದರು, ಬಿಚ್ಚಿದರು. ನಮ್ಮ ವಿದ್ವಾಂಸರು ಪಲ್ಲವಿಯ ಒಂದು ಸಾಲನ್ನು ಅರ್ಧ ಗಂಟೆ ಬೆಳೆಸುವುದಿಲ್ಲವೇ? ಆಗ ನನಗೆ ದಾರಿ ಸಿಕ್ಕಿತು. ಯಾವಾಗಲೋ ಕೈ ತಾಳ ಹಾಕುವುದನ್ನು ಬಿಟ್ಟಿತ್ತು. ಎದೆಯೊಳಗೆ ಯಾರೋ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದಂತಿತ್ತು.

ಅಷ್ಟರಲ್ಲಿ ನಲವತ್ತೂ ಜನ ಗಕ್ಕನೆ ನಿಂತರು. ಒಂದು ಮಾತ್ರೆಯಷ್ಟು ಮೌನ; ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳಬೇಕು. ಆದರೆ ಆ ಮೌನದ ನಡುವೆ ಒಂದು ಹೆಣ್ಣುದನಿ, ಒಂದೇ ಒಂದು, ‘ಆ’ ಎಂದು ಮೊದಲೇ ಹೊರಟುಬಿಟ್ಟಿತು.

ತಪ್ಪು ಸಿಕ್ಕಿತು! ನನ್ನ ಪಾಂಡಿತ್ಯಕ್ಕೆ ಜೀವ ಬಂತು. ಖಚಿತಪಡಿಸಿಕೊಳ್ಳಲು ಟೇಪು ಹಿಂದಕ್ಕೆ ಓಡಿಸಿದೆ, ಮತ್ತೆ ಕೇಳಿದೆ, ಮತ್ತೆ ಓಡಿಸಿದೆ. ಹತ್ತು ಸಲವಾದರೂ ಆಗಿರಬೇಕು. ಮುಂದಿನ ಸಲಕ್ಕೆ ಯಂತ್ರಕ್ಕೂ ಬೇಸರವಾಗಿ ಟೇಪನ್ನು ನುಂಗಿಬಿಟ್ಟಿತು.

ಕ್ಯಾಸೆಟ್ಟು, ಯಂತ್ರ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಸಿರಾಕ್ಕೆ ಓಡಿದೆ. ಬಸ್‌ಸ್ಟ್ಯಾಂಡಿನ ಬಳಿ ರೇಡಿಯೋ ರಿಪೇರಿ ಮಾಡುವ ಬಾಷಾ ಸಾಹೇಬರು ಟೇಪನ್ನು ಬಿಡಿಸಿ ತೆಗೆದರು. ಸುಕ್ಕುಗಟ್ಟಿದ ಗೇಣುದ್ದವನ್ನು ಕತ್ತರಿಸಿ, ಎರಡು ತುದಿಯನ್ನೂ ಅಂಟಿಸಿ ಕೊಟ್ಟರು. ನಾಲ್ಕು ಸೆಕೆಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ? ಅಲ್ಲದೆ, ಹೋದದ್ದು ಆ ತಪ್ಪೇ. ಉಪಕಾರವನ್ನೇ ಮಾಡಿದ್ದೇನೆ ಎಂದುಕೊಂಡು, ಏನೂ ಹೇಳದೆ ಕ್ಯಾಸೆಟ್ ಹಿಂದಿರುಗಿಸಿದೆ.

ಎರಡು ದಿನ ಬಿಟ್ಟು ಸಿಸ್ಟರ್ ಶಾಲೆಗೇ ಬಂದರು. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇದ್ದೆ. ಕೋಪವಿರಲಿಲ್ಲ, ಕಣ್ಣು ಮಾತ್ರ ಕೆಂಪಗಿತ್ತು.

“ಮೇಷ್ಟ್ರೇ, ಆಮೆನ್ ಹತ್ರ ಒಂದು ಚೂರು ಇಲ್ಲ.”

ನಾನು ತಪ್ಪನ್ನು ಯಂತ್ರದ ಮೇಲೆ ಹಾಕಲು ನೋಡಿದೆ. ಆಗಲಿಲ್ಲ. ಹತ್ತು ಸಲ ಓಡಿಸಿದ್ದು, ಕತ್ತರಿಸಿದ್ದು, ಮುಚ್ಚಿಟ್ಟಿದ್ದು ಎಲ್ಲ ಹೇಳಿದೆ. ಕೊನೆಗೆ, ಹೋಗಿದ್ದು ಯಾರದೋ ತಪ್ಪಿದ ಜಾಗ, ಅಷ್ಟೇ ಎಂದೂ ಸೇರಿಸಿದೆ.

“ಅದು ನಾನು,” ಎಂದರು ಸಿಸ್ಟರ್. “ಮೇಳದ ಗುರುಗಳು ಹದಿನೈದು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಮಿಕ್ಕಿದ್ದೆಲ್ಲ ಸರಿಯಾಗೇ ಹಾಡಿದೀನಿ ಮೇಷ್ಟ್ರೇ. ಆದ್ರೆ ಅಲ್ಲೆಲ್ಲ ನನ್ನ ದನಿ ಯಾವುದು ಅಂತ ನಂಗೇ ಗೊತ್ತಾಗಲ್ಲ.”

ಆ ಹೆಣ್ಣುಮಗಳಿಗೆ ಈ ಲೋಕದಲ್ಲಿ ಉಳಿದಿದ್ದ ತನ್ನ ದನಿ ಅಷ್ಟೇ, ಒಂದು ‘ಆ’. ಅದನ್ನು ನಾನು ಸಿರಾದ ಅಂಗಡಿಯಲ್ಲಿ ಕತ್ತರಿಸಿ ಬಿಟ್ಟುಬಂದಿದ್ದೆ.

ಅರ್ಧ ದಿನದ ರಜೆ ಬರೆದುಕೊಟ್ಟು ಅವರನ್ನೂ ಕರೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಾಷಾ ಸಾಹೇಬರು ಅಂಗಡಿ ಗುಡಿಸದಿರಲಿ ಎಂದು ಬೇಡಿಕೊಂಡೆ. ಅವರು ಗುಡಿಸುವವರಲ್ಲ ಎಂಬುದು ಅಂಗಡಿ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ವಿಷಯ ಕೇಳಿದವರೇ ನಾಲ್ಕೈದು ಡಬ್ಬಿ ಮಗುಚಿ, ತಂತಿ, ಮೊಳೆ, ಸ್ಪ್ರಿಂಗುಗಳ ನಡುವಿನಿಂದ ಕಂದು ಬಣ್ಣದ ಆ ಸುಕ್ಕು ಪಟ್ಟಿಯನ್ನು ಎತ್ತಿ ಹಿಡಿದರು. “ಸಿಕ್ತು ಕಣಮ್ಮ. ಆದ್ರೆ ಮೊದಲಿನಂಗೆ ಬರಾಕಿಲ್ಲ, ಈಗ್ಲೇ ಹೇಳಿಬುಡ್ತೀನಿ.”

ಬಿಸಿನೀರು ತುಂಬಿದ ಸ್ಟೀಲ್ ಲೋಟಕ್ಕೆ ಪಟ್ಟಿಯನ್ನು ಒತ್ತಿ, ಹತ್ತಿಯಿಂದ ನೇವರಿಸಿ, ಒಂದು ಗಂಟೆ ಅದರ ಸುಕ್ಕು ಬಿಡಿಸಿದರು. ಸಿಸ್ಟರ್ ತಂದಿದ್ದ ಕ್ಯಾಸೆಟ್ಟಿಗೆ ಅದನ್ನು ಮತ್ತೆ ಜೋಡಿಸಿ ಹಾಕಿದರು. ಆ ಜಾಗಕ್ಕೆ ಬಂದಾಗ ನಲವತ್ತು ದನಿಯೂ ನೀರಿನೊಳಗಿನ ನೆರಳಿನಂತೆ ಅಲುಗಾಡಿದವು. ನಿಂತವು. ಆಗ, ಮೌನದೊಳಗಿನಿಂದ, ತಿಳಿಯಾದ ಎಳೆಯ ದನಿಯೊಂದು ಧೈರ್ಯವಾಗಿ ಹೊರಟಿತು.

“ಯಾರಮ್ಮ ಈ ಹುಡುಗಿ?” ಎಂದರು ಬಾಷಾ ಸಾಹೇಬರು.

“ನಾನೇ ಸಾಹೇಬ್ರೇ,” ಎಂದರು ಸಿಸ್ಟರ್, ತಮ್ಮ ಮರಳಿನ ದನಿಯಲ್ಲಿ.

ಸಾಹೇಬರು ಅವರ ಕತ್ತಿನ ಗಾಯದ ಗುರುತನ್ನು ನೋಡಿದರು. ಹೊರಗೆ ಹೋಗಿ ಮೂರು ಟೀ ಹೇಳಿ ಬಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಕೋಳಿ, ಕುರಿಮರಿ, ಸಂತೆಯ ಜನ. ಇಂಜಿನ್ನಿನ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅದೇ ಧೈರ್ಯದ ಮೇಲೆ ಸಿಸ್ಟರ್ ಕಿಟಕಿಯತ್ತ ಮುಖ ಮಾಡಿ ತುಟಿ ಆಡಿಸುತ್ತಿದ್ದರು. ಕತ್ತಿನ ನರ ಮಿಡಿಯುತ್ತಿತ್ತು. ಒಂದು ಕಡೆ ತುಟಿ ನಿಂತಿತು. ಮತ್ತೆ ಎಲ್ಲಿ ಎತ್ತಿಕೊಂಡರೋ, ಸರಿಯಾದ ಜಾಗದಲ್ಲೋ, ಅದಕ್ಕೂ ಮೊದಲೋ, ನಾನು ನೋಡಲು ಹೋಗಲಿಲ್ಲ. ಈ ಕಡೆ ತಿರುಗಿ, ಪಕ್ಕದವನ ಕುರಿಮರಿಯ ಕಿವಿ ಸವರುತ್ತ ಕೂತೆ.