ಗಜದ ಮೇಲಿನ ಗೀರು

ಹಬ್ಬಕ್ಕೆ ಮುಂಚೆ ಪರದೆ ಒಗೆಯುವುದು ನಮ್ಮ ಬೊರಿವಲಿ ಬಿಲ್ಡಿಂಗಿನ ಹೆಂಗಸರಿಗೆಲ್ಲ ಇರುವ ರೋಗ, ನನಗೂ ಅಂಟಿದೆ. ನಿನ್ನೆ ಪರದೆ ಬಿಚ್ಚಿದಾಗ ಅದರ ಕಬ್ಬಿಣದ ಸಲಾಕೆ ಕೈಗೆ ಬಂತು. ಸಲಾಕೆ ಎಂದರೆ ನೀವು ನಂಬಿಬಿಡುತ್ತೀರಿ. ಅದು ಅಪ್ಪನ ಕೇಪಿನ ಕೋವಿಯ ಗಜ, ನಳಿಗೆಯೊಳಗೆ ಮದ್ದು ಜಡಿಯುವ ಕೋಲು. ಅದರ ಮೇಲೊಂದು ಗೀರಿದೆ. ಪರದೆ ಹಾಕುವಾಗ ಅದನ್ನು ಗೋಡೆಯ ಕಡೆ ತಿರುಗಿಸಿಡುತ್ತೇನೆ.

ಭಾಂಡುಪಿನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಅಪ್ಪ ಪಿರಿಯಾಪಟ್ಟಣದಿಂದ ತಂದದ್ದು ಎರಡೇ: ಮಾತು, ಮತ್ತೆ ಅಜ್ಜನ ಲೈಸೆನ್ಸ್ ಕೋವಿ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ವಸೈ ಆಚೆಯ ಗೆಳೆಯರ ತೋಟಕ್ಕೆ ಹೋಗಿ ಒಂದು ಈಡು ಹೊಡೆಯುತ್ತಿದ್ದರು. ಲೋಕಲಿನಲ್ಲಿ ಯಾರಾದರೂ ಚೀಲ ನೋಡಿ "ತಂಬೂರಾ ಹೈ ಕ್ಯಾ, ಕಾಕಾ?" ಎಂದರೆ, "ಹಾಂ, ಸಾಲ್ ಮೇ ಏಕ್ ಬಾರ್ ಬಜತಾ ಹೈ", ವರ್ಷಕ್ಕೊಮ್ಮೆ ನುಡಿಯುತ್ತದೆ, ಎನ್ನುವರು.

ಜೊತೆಗೆ ಹೋಗಿ ಕೋವಿ ತುಂಬುವವಳು ನಾನು. ಬ್ಯಾಂಕಿನ ಕೆಲಸದವಳು, ಸೆರಗು ಸಿಕ್ಕಿಸಿಕೊಂಡು ಕೋವಿಯ ಮುಂದೆ ನಿಂತರೆ ಏನು ಬಿಂಕ! ಮೊದಲು ಮದ್ದು, ಆಮೇಲೆ ತೆಂಗಿನ ನಾರು, ಆಮೇಲೆ ಗಜ. ಗೀರು ನಳಿಗೆಯ ಬಾಯಿಗೆ ಸಮನಾಗಿ ಬಂದರೆ ಒಂದೇ ಈಡು; ಮೇಲೆ ನಿಂತರೆ ಎರಡು ಬಿದ್ದಿದೆ, ಹೊಡೆಯಬಾರದು.

ಆ ವರ್ಷ ನನಗೆ ಕಣ್ಣುಬೇನೆ. ನಳಿಗೆಗೆ ಮದ್ದು ಸುರಿದು ನಾರಿಗಾಗಿ ಚೀಲ ತಡಕುತ್ತಿದ್ದೆ. ತೋಟದ ಗೆಳೆಯರನ್ನು ಮಾತಾಡಿಸಿ ಆಗಷ್ಟೇ ಬಂದ ಅಪ್ಪ ಕೇಳಿದರು:

"ಮದ್ದು ಹಾಕಿದ್ಯಾ?"

ನಮ್ಮಲ್ಲಿ ಕೋವಿಗೂ ಕಣ್ಣಿಗೂ ಒಂದೇ ಮಾತು. ಬೆಳಗಿನಿಂದ ಅಮ್ಮ ಕಣ್ಣಿನ ಹನಿಯ ವಿಷಯಕ್ಕೆ ಅದನ್ನೇ ಕೇಳಿ ತಲೆ ತಿಂದಿದ್ದಳು. "ಇಲ್ಲಪ್ಪ, ಆಮೇಲೆ ಹಾಕ್ತೀನಿ" ಎಂದು ರೇಗಿ, ಕಣ್ಣು ತೊಳೆಯಲು ನಲ್ಲಿಯ ಕಡೆ ಹೋದೆ. ಅಪ್ಪ ತಾವೇ ಸುರಿದು ಜಡಿದರು. ಗೀರು ನೋಡಲಿಲ್ಲ, ಮಗಳ ಮಾತು ನಂಬಿದ್ದರು.

ಹಳೆಯ ನಳಿಗೆ ಎರಡು ಈಡು ತಾಳಲಿಲ್ಲ. ಸಿಡಿದು ಅಪ್ಪನ ಬಲಗಣ್ಣು ಹೋಯಿತು. ಅವರು ಕೇಳಿದ್ದು ಯಾವ ಮದ್ದೆಂದು ನನಗೆ ಹೊಳೆದದ್ದು ಆಗ. ಆಸ್ಪತ್ರೆಯಲ್ಲೂ ಪೊಲೀಸರ ಮುಂದೂ ಅವರು ಹೇಳಿದ್ದು ಒಂದೇ: "ನಾನೇ ಮರ್ತು ಎರಡು ಸಲ ಹಾಕ್ಬಿಟ್ಟೆ." ಕೋವಿ ಠಾಣೆಗೆ ಹೋಯಿತು, ಗಜ ನಮ್ಮಲ್ಲೇ ಉಳಿಯಿತು. ನಾನು ಬಾಯಿ ಬಿಡಲಿಲ್ಲ. ಹೇಡಿ, ಇನ್ನೇನು.

ಅಪ್ಪನಿಗೀಗ ಎಂಬತ್ತು ದಾಟಿದೆ. ಉಳಿದ ಕಣ್ಣಿಗೆ ದಿನಕ್ಕೆ ಮೂರು ಸಲ ಹನಿ ಬಿಡುವವಳು ನಾನೇ. ಬಿಟ್ಟದ್ದು ಅವರಿಗೆ ನೆನಪಿರುವುದಿಲ್ಲ. ನಿನ್ನೆ ಗಜ ಹಿಡಿದು ನಿಂತಿದ್ದಾಗ ಒಳಗಿನಿಂದ ಕೂಗಿದರು, "ಮದ್ದು ಹಾಕಿದ್ಯಾ?"

"ಯಾವ ಮದ್ದಪ್ಪ?" ಎಂದುಬಿಟ್ಟೆ.

ಒಳಗೆ ಅಪ್ಪ ಮಂಚದ ಮೇಲೆ ಎದ್ದು ಕೂತ ಸದ್ದಾಯಿತು. ಆಮೇಲೆ ಮೆಲ್ಲಗೆ ಅಂದರು, "ಇದನ್ನ ಅವತ್ತೇ ಕೇಳ್ಬೋದಿತ್ತಲ್ಲಮ್ಮ."

ಅಂದರೆ ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು. ಸೀಸೆ ಹಿಡಿದು ಹತ್ತಿರ ಹೋದೆ. ಯಾವ ಕಣ್ಣಿಗೆ ಹಾಕಬೇಕೆಂದು ನನಗೇ ತೋಚಲಿಲ್ಲ.